ಪಟ್ಟಿಯಲ್ಲೊಂದು ಹೆಸರು

1934ರ ನವೆಂಬರ್‌ನಲ್ಲಿ ನ್ಯೂಯಾರ್ಕಿನ ಆಲ್ವಿನ್ ಥಿಯೇಟರಿನಲ್ಲಿ ‘ಎನಿಥಿಂಗ್ ಗೋಸ್’ ಎಂಬ ಸಂಗೀತ ನಾಟಕ ರಂಗಕ್ಕೆ ಬಂತು. ಹಾಡು ಬರೆದು ರಾಗ ಹಾಕಿದವರು ಕೋಲ್ ಪೋರ್ಟರ್. ಎಥೆಲ್ ಮರ್ಮನ್ ಮತ್ತು ವಿಲಿಯಂ ಗ್ಯಾಕ್ಸ್‌ಟನ್ ಹಾಡಿದ ‘ಯು ಆರ್ ದ ಟಾಪ್’ ಅದರಲ್ಲಿನ ಯುಗಳಗೀತೆ. ಇಬ್ಬರೂ ಪೈಪೋಟಿಗೆ ಬಿದ್ದು ಒಬ್ಬರನ್ನೊಬ್ಬರು ಹೊಗಳುತ್ತಾರೆ, ಹೊಗಳುತ್ತಲೇ ತಮ್ಮನ್ನು ಕೆಳಕ್ಕಿಳಿಸಿಕೊಳ್ಳುತ್ತಾರೆ. ಲೂವ್ರ್ ಮ್ಯೂಸಿಯಂ, ಷೇಕ್ಸ್‌ಪಿಯರನ ಸಾನೆಟ್, ಮಿಕ್ಕಿ ಮೌಸ್, ಫ್ರೆಡ್ ಆಸ್ಟೇರನ ಹೆಜ್ಜೆ, ಗ್ರೆಟಾ ಗಾರ್ಬೊ ಪಡೆಯುವ ಸಂಬಳ, ಹೀಗೆ ಕೈಗೆ ಸಿಕ್ಕಿದ್ದೆಲ್ಲ ಹೋಲಿಕೆಗೆ ಬರುತ್ತದೆ. ಆ ಕಾಲಕ್ಕೆ ಹೊಸದಾಗಿದ್ದ ಸೆಲೋಫೇನ್ ಹಾಳೆ ಕೂಡ ಅಲ್ಲಿ ಒಂದು ಸೊಬಗು. ಲಕ್ಷಾಂತರ ಅಮೆರಿಕನ್ನರು ಕೆಲಸ ಕಳೆದುಕೊಂಡು ಕೂತಿದ್ದ ಮಹಾ ಆರ್ಥಿಕ ಕುಸಿತದ ದಿನಗಳವು. ಅಂಥ ಹೊತ್ತಿನಲ್ಲಿ ಎದುರಿಗಿರುವವರನ್ನು ಇಷ್ಟು ಧಾರಾಳವಾಗಿ ಹೊಗಳಿದ ಹಾಡನ್ನು ಬರೀ ಚಮತ್ಕಾರ ಎಂದುಬಿಡಲು ನನಗೆ ಮನಸ್ಸಾಗುವುದಿಲ್ಲ.

ಆದರೆ ಅದೇ ಪಟ್ಟಿಯಲ್ಲಿ ಮಹಾತ್ಮ ಗಾಂಧಿಯೂ ಇದ್ದಾರೆ. ಅವರ ಹೆಸರಿನ ಬೆನ್ನಿಗೇ, ಪ್ರಾಸ ಕೂಡುತ್ತದೆಂದು, ಬ್ರಾಂದಿ! ಹೆಂಡದಂಗಡಿಗಳ ಮುಂದೆ ಪಿಕೆಟಿಂಗ್ ಮಾಡಿಸಿದ ಮನುಷ್ಯನ ಮಗ್ಗುಲಲ್ಲಿ. ಪೋರ್ಟರ್ ಅವಮಾನಿಸಲು ಬರೆದದ್ದಲ್ಲ, ಹೊಗಳಲಿಕ್ಕೇ ಬರೆದದ್ದು. ಹೆಸರು ಜಗತ್ತಿನ ಬಾಯಿಗೆ ಬಿದ್ದ ಮೇಲೆ, ಅದನ್ನು ಹೊತ್ತವರ ಕೆಲಸ ಅದರ ಜೊತೆ ಹೋಗುವುದಿಲ್ಲ. ಹಾಡಿನ ಮೇಲೆ ಸಿಟ್ಟು ಮಾಡುವ ಹಕ್ಕೂ ನಮಗಿಲ್ಲ. ಬೆಂಗಳೂರಿನ ಸೌತ್ ಪರೇಡ್ ರಸ್ತೆಗೆ 1948ರಲ್ಲಿ ನಾವು ಗಾಂಧೀಜಿಯ ಹೆಸರಿಟ್ಟೆವು. ಇವತ್ತು ‘ಎಂ.ಜಿ. ರೋಡಿಗೆ ಬಿಡಪ್ಪ’ ಎಂದು ಆಟೋ ಹತ್ತುವವರಲ್ಲಿ ಎಷ್ಟು ಜನರಿಗೆ ಆ ಮುಖ ನೆನಪಾಗುತ್ತದೆ? ಪೋರ್ಟರ್ ಪ್ರಾಸಕ್ಕೆ ಬಳಸಿದ್ದನ್ನು ನಾವು ವಿಳಾಸಕ್ಕೆ ಬಳಸಿದೆವು. ಪೋರ್ಟರ್ ಅವರದಾದರೂ ಪ್ರೀತಿಯ ಹಾಡು.

ಅಭಿಮಾನಕ್ಕೆ ಇನ್ನೊಂದು ದಾರಿ ಇತ್ತು, ಅದೂ ಆ ಹಾಡು ಬಂದ 1934ರಲ್ಲೇ. ಫೆಬ್ರವರಿಯಲ್ಲಿ ಗಾಂಧೀಜಿ ಹರಿಜನ ನಿಧಿಗಾಗಿ ಕೊಡಗಿನಲ್ಲಿ ಸುತ್ತುತ್ತಿದ್ದರು. ಕತೆಗಾರ್ತಿ ಕೊಡಗಿನ ಗೌರಮ್ಮನಿಗೆ ಆಗ ಇಪ್ಪತ್ತು ದಾಟಿತ್ತಷ್ಟೆ. ಊರಿನವರೆಗೆ ಬಂದವರು ತನ್ನ ಮನೆಗೂ ಬರಬೇಕೆಂದು ಆಕೆ ಹಟ ಹಿಡಿದು ಉಪವಾಸ ಕೂತರು. ಉಪವಾಸದ ಪಾಠವನ್ನು ಅದನ್ನು ಕಲಿಸಿದವರ ಮುಂದೆಯೇ ಒಪ್ಪಿಸಿದರು. ಗಾಂಧೀಜಿ ಬಂದರು. ಮಾಂಗಲ್ಯ, ಓಲೆ, ಮೂಗುಬೊಟ್ಟು ಇಷ್ಟನ್ನು ಉಳಿಸಿಕೊಂಡು, ಮಿಕ್ಕ ಒಡವೆಯನ್ನೆಲ್ಲ ಗೌರಮ್ಮ ಬಿಚ್ಚಿ ನಿಧಿಗೆ ಕೊಟ್ಟರು.