ಹೆಸರು ನಮ್ಮದು, ಮನೆ ಯಾರದು?

ಸ್ವಂತ ಹೆಸರಿನಲ್ಲಿ ಡೊಮೇನ್ ಕೊಂಡವರಿಗೆ ಒಂದಲ್ಲ ಒಂದು ದಿನ ಈ ಪ್ರಶ್ನೆ ಎದುರಾಗುತ್ತದೆ. ಬರೆದಿದ್ದೆಲ್ಲ ಯಾವುದೋ ಉಚಿತ ಬ್ಲಾಗಿನಲ್ಲಿದೆ. ಅದರ ವಿಳಾಸ ಉದ್ದ, ಕೊನೆಗೆ ಕಂಪನಿಯೊಂದರ ಹೆಸರಿನ ಬಾಲ. ಹೊಸದಾಗಿ ಕೊಂಡ ವಿಳಾಸ ಚಿಕ್ಕದು, ವಿಸಿಟಿಂಗ್ ಕಾರ್ಡಿನಲ್ಲಿ ಚೆಂದ ಕಾಣುವಂಥದ್ದು. ಎರಡನ್ನೂ ಜೋಡಿಸಲು ಹೋದಾಗ ಡೊಮೇನ್ ಮಾರಿದವರ ಸೆಟ್ಟಿಂಗ್ಸ್ ಪುಟ ಅನೇಕ ಕಡೆ ಎರಡು ಆಯ್ಕೆ ಮುಂದಿಡುತ್ತದೆ: ಬರೀ ಫಾರ್ವರ್ಡಿಂಗ್, ಇಲ್ಲವೇ ಮಾಸ್ಕಿಂಗ್ ಸಹಿತ ಫಾರ್ವರ್ಡಿಂಗ್.

ಮೊದಲನೆಯದನ್ನು ಒತ್ತಿದರೆ, ನಿಮ್ಮ ಡೊಮೇನಿಗೆ ಬಂದವರ ಬ್ರೌಸರಿಗೆ "ನೀವು ಹುಡುಕುತ್ತಿರುವುದು ಇಲ್ಲಿಲ್ಲ, ಅಲ್ಲಿದೆ" ಎಂಬ ಉತ್ತರ ಸಿಗುತ್ತದೆ. ಬ್ರೌಸರ್ ಅಲ್ಲಿಗೆ ಹೋಗುತ್ತದೆ, ಅಡ್ರೆಸ್ ಬಾರಿನಲ್ಲಿ ಬ್ಲಾಗಿನ ಉದ್ದನೆಯ ವಿಳಾಸ ಬಂದು ಕೂರುತ್ತದೆ. ಎರಡನೆಯದನ್ನು ಒತ್ತಿದರೆ ಅಡ್ರೆಸ್ ಬಾರಿನಲ್ಲಿ ನಿಮ್ಮ ಹೆಸರೇ ಉಳಿಯುತ್ತದೆ. ಅದರ ಕೆಳಗೆ ಪರದೆ ತುಂಬ ಒಂದು ಫ್ರೇಮ್, ಫ್ರೇಮಿನೊಳಗೆ ಬ್ಲಾಗ್. ನೋಡುವವರಿಗೆ ಎಲ್ಲವೂ ನಿಮ್ಮ ಮನೆಯಲ್ಲೇ ಇದ್ದಂತೆ ಕಾಣುತ್ತದೆ. ಕನ್ನಡದಲ್ಲಿ ಹೇಳುವುದಾದರೆ ಮೊದಲನೆಯದು ದಾರಿ ತೋರಿಸುವುದು, ಎರಡನೆಯದು ಮುಸುಕು ಹಾಕುವುದು.

ಇದು ಬರೀ ತಾಂತ್ರಿಕ ಆಯ್ಕೆ, ಇದರಲ್ಲಿ ಸರಿ ತಪ್ಪಿನ ಮಾತೇನು ಎಂದು ನೀವು ಕೇಳಬಹುದು. ಬರಹ ನನ್ನದೇ, ಹೆಸರೂ ನನ್ನದೇ, ನಡುವಿನ ಕಂಪನಿಯ ಹೆಸರನ್ನು ಮರೆಮಾಡಿದರೆ ಯಾರಿಗೆ ಅನ್ಯಾಯವಾಯಿತು? ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಉತ್ತರ ಹುಡುಕಬೇಕಾದರೆ ಮೊದಲು ವಿಳಾಸ ಎಂದರೇನು ಎಂದು ಕೇಳಿಕೊಳ್ಳಬೇಕು.

ಅಂಚೆಯಲ್ಲಿ ಇದಕ್ಕೊಂದು ಹಳೆಯ ಪದ್ಧತಿಯಿದೆ. ಮನೆ ಬದಲಿಸಿದವರ ಕಾಗದ ಹಳೆಯ ವಿಳಾಸಕ್ಕೆ ಬಂದರೆ ಅದರ ಮೇಲೆ ಗೀಟು ಹಾಕಿ, ಪಕ್ಕದಲ್ಲಿ ಹೊಸ ವಿಳಾಸ ಬರೆದು ಮುಂದಕ್ಕೆ ಕಳಿಸುತ್ತಾರೆ. ಗೀಟಿನಡಿಯಲ್ಲಿ ಹಳೆಯ ವಿಳಾಸವೂ ಓದಲು ಸಿಗುತ್ತದೆ. ಕಾಗದ ಎಲ್ಲಿಂದ ಎಲ್ಲಿಗೆ ಬಂತು ಎನ್ನುವುದು ಲಕೋಟೆಯ ಮೇಲೇ ಇರುತ್ತದೆ. ವೆಬ್ ಕೂಡ ಇದೇ ಶಿಸ್ತನ್ನು ಇಟ್ಟುಕೊಂಡಿತು. 1996ರಲ್ಲಿ ಪ್ರಕಟವಾದ ಎಚ್‌ಟಿಟಿಪಿ 1.0 ದಾಖಲೆಯಲ್ಲೇ 301 ಮತ್ತು 302 ಎಂಬ ಎರಡು ಸಂಕೇತಗಳಿವೆ. 301 ಎಂದರೆ ಶಾಶ್ವತವಾಗಿ ಬೇರೆಡೆಗೆ ಹೋಗಿದ್ದಾರೆ, ಇನ್ನು ಮುಂದೆ ಅಲ್ಲೇ ಹುಡುಕಿ. 302 ಎಂದರೆ ಸದ್ಯಕ್ಕೆ ಅಲ್ಲಿದ್ದಾರೆ, ಮುಂದಿನ ಸಲವೂ ಮೊದಲು ಇಲ್ಲೇ ವಿಚಾರಿಸಿ. ಊರು ಬಿಟ್ಟು ಬಂದ ನಮಗೆ ಈ ವ್ಯತ್ಯಾಸವನ್ನು ಯಾರೂ ವಿವರಿಸಬೇಕಿಲ್ಲ. ಪ್ರತಿ ಅರ್ಜಿಯಲ್ಲೂ ಕಾಯಂ ವಿಳಾಸ, ಸದ್ಯದ ವಿಳಾಸ ಎಂಬ ಎರಡು ಕಾಲಮ್ಮುಗಳನ್ನು ತುಂಬುತ್ತಲೇ ನಮ್ಮಲ್ಲಿ ಅನೇಕರಿಗೆ ತಲೆ ನರೆತಿದೆ. ಇಪ್ಪತ್ತು ವರ್ಷದಿಂದ 302ರಲ್ಲೇ ಇದ್ದೇವೆ ಎಂದು ಆಫೀಸಿನಲ್ಲಿ ನಾವು ತಮಾಷೆ ಮಾಡುವುದುಂಟು.

ಮುಸುಕಿನ ವಿಧಾನದಲ್ಲಿ ಈ ಶಿಸ್ತು ಉಳಿಯುವುದಿಲ್ಲ. ಫ್ರೇಮಿನೊಳಗೆ ಓದುಗ ಹತ್ತು ಲೇಖನ ತೆರೆದರೂ ಮೇಲಿನ ವಿಳಾಸ ಅಲ್ಲಾಡುವುದಿಲ್ಲ. ಆರನೆಯ ಲೇಖನ ಇಷ್ಟವಾಗಿ ಬುಕ್‌ಮಾರ್ಕ್ ಮಾಡಿದರೆ ಮುಂದಿನ ಸಲ ತೆರೆಯುವುದು ಮುಖಪುಟ. ಗೆಳತಿಗೆ ವಾಟ್ಸಾಪಿನಲ್ಲಿ ಕೊಂಡಿ ಕಳಿಸಿದರೂ ಅಷ್ಟೇ, ಅವಳು ಬಾಗಿಲಲ್ಲೇ ನಿಲ್ಲುತ್ತಾಳೆ. ಬ್ರೌಸರಿನ ಬೀಗದ ಗುರುತು ಹೇಳುವುದು ಹೊರಗಿನ ಹೆಸರಿನ ಬಗ್ಗೆ. ಒಳಗೆ ತುಂಬಿದ ಪುಟ ಯಾರ ಸರ್ವರಿನದು ಎಂದು ಸಾಮಾನ್ಯ ಓದುಗನಿಗೆ ತಿಳಿಯುವ ದಾರಿಯಿಲ್ಲ. ಚೆಂದ ಕಾಣುವ ಲಾಭ ನಮಗೆ, ದಾರಿ ತಪ್ಪುವ ನಷ್ಟ ಓದುಗನಿಗೆ. ಬರಹ ನನ್ನದೇ ಆಗಿದ್ದಾಗ ಇದನ್ನು ಸುಳ್ಳು ಎನ್ನಲಾರೆ. ಕರೆದ ಅತಿಥಿಯ ಬಗ್ಗೆ ತೋರಿದ ಅಸಡ್ಡೆ ಎನ್ನಬಹುದು.

ಬರಹ ಇನ್ನೊಬ್ಬರದಾಗಿದ್ದರೆ ಮಾತೇ ಬೇರೆ. 1997ರಲ್ಲಿ ಅಮೆರಿಕದಲ್ಲಿ ಟೋಟಲ್‌ನ್ಯೂಸ್ ಎಂಬ ತಾಣದ ಮೇಲೆ ವಾಷಿಂಗ್ಟನ್ ಪೋಸ್ಟ್, ಸಿಎನ್‌ಎನ್ ಮುಂತಾದ ಸುದ್ದಿಸಂಸ್ಥೆಗಳು ಮೊಕದ್ದಮೆ ಹೂಡಿದವು. ಟೋಟಲ್‌ನ್ಯೂಸ್ ಅವರ ಸುದ್ದಿಯನ್ನು ನಕಲು ಮಾಡಿರಲಿಲ್ಲ. ಅವರ ಪುಟಗಳನ್ನೇ ತನ್ನ ಫ್ರೇಮಿನೊಳಗೆ ತೋರಿಸುತ್ತಿತ್ತು. ಸುತ್ತಲೂ ತನ್ನ ಹೆಸರು, ತನ್ನ ಜಾಹೀರಾತು. ಅದೇ ವರ್ಷ ರಾಜಿಯಾಯಿತು. ಫ್ರೇಮ್ ನಿಲ್ಲಿಸಬೇಕು, ಕೊಂಡಿ ಕೊಡುವುದಕ್ಕೆ ಅಡ್ಡಿಯಿಲ್ಲ ಎನ್ನುವುದು ಆ ರಾಜಿಯ ತಿರುಳು. ಕೊಂಡಿ ಕೊಟ್ಟಾಗ ಓದುಗ ಅವರ ಅಂಗಡಿಗೆ ನಡೆದು ಹೋಗುತ್ತಾನೆ. ಫ್ರೇಮ್ ಹಾಕಿದಾಗ ಅವರ ಸರಕು ನನ್ನ ಅಂಗಡಿಯಲ್ಲಿ ನನ್ನ ಬೋರ್ಡಿನಡಿ ಕಾಣುತ್ತದೆ. ಎರಡರಲ್ಲೂ ಓದುಗನ ಕಣ್ಣಿಗೆ ಬೀಳುವ ಅಕ್ಷರಗಳು ಒಂದೇ, ಯಾರ ಹೆಸರಿನಡಿ ಬಿದ್ದವು ಎನ್ನುವುದು ಮಾತ್ರ ಬೇರೆ.

ಇದೇ ಫ್ರೇಮನ್ನು ಮೋಸಗಾರರೂ ಬಳಸಿದರು. ಕಾಣದಂತೆ ಇಟ್ಟ ಪುಟದ ಮೇಲೆ ಬಳಕೆದಾರರಿಂದ ಗೊತ್ತಿಲ್ಲದೆ ಕ್ಲಿಕ್ ಮಾಡಿಸುವ ಈ ತಂತ್ರಕ್ಕೆ 2008ರಲ್ಲಿ ಕ್ಲಿಕ್‌ಜಾಕಿಂಗ್ ಎಂಬ ಹೆಸರು ಬಂತು. "ನನ್ನನ್ನು ಇನ್ನೊಬ್ಬರ ಫ್ರೇಮಿನೊಳಗೆ ತೋರಿಸಬೇಡಿ" ಎಂದು ತಾಣಗಳು ಬ್ರೌಸರಿಗೆ ಹೇಳುವ ಏರ್ಪಾಡು ಈಗ ಇದೆ. ಲಾಗಿನ್, ಹಣ ಪಾವತಿಯಂಥ ಪುಟಗಳಲ್ಲಿ ಅದು ಸಾಮಾನ್ಯ. ಅಂಥ ಪುಟಕ್ಕೆ ಮುಸುಕು ಹಾಕಲು ಹೋದರೆ ಫ್ರೇಮ್ ಖಾಲಿಯಾಗಿ ಉಳಿಯುತ್ತದೆ.

ಈಗ ಎದುರು ವಾದಕ್ಕೆ ಬರೋಣ. ಇಂಟರ್ನೆಟ್ಟಿನಲ್ಲಿ ಹೆಸರು ಎಂದರೇ ಮುಸುಕಲ್ಲವೇ? 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ರೂಪಿಸಿದ ಡಿಎನ್‌ಎಸ್‌ನ ಕೆಲಸವೇ ಯಂತ್ರಗಳ ಅಂಕಿ ವಿಳಾಸವನ್ನು ಮನುಷ್ಯರ ಹೆಸರಿನ ಹಿಂದೆ ಇಡುವುದು. ಕನ್ನಡ ಲಿಪಿಯ .ಭಾರತ ಡೊಮೇನ್ ನಮಗೆ ಕನ್ನಡದಲ್ಲಿ ಕಂಡರೂ ಒಳಗೆ ಓಡಾಡುವುದು 'ಎಕ್ಸ್ಎನ್' ಎಂದು ಶುರುವಾಗುವ ಲ್ಯಾಟಿನ್ ಅಕ್ಷರಗಳ ಸಾಲು. ದೊಡ್ಡ ದೊಡ್ಡ ಕಂಪನಿಗಳ ತಾಣಗಳೂ ಬಾಡಿಗೆ ಸರ್ವರಿನಲ್ಲಿವೆ, ಅಡ್ರೆಸ್ ಬಾರಿನಲ್ಲಿ ಕಾಣುವುದು ಅವರ ಹೆಸರು ಮಾತ್ರ. ಅವರದು ಸರಿ, ನನ್ನ ಬಡ ಬ್ಲಾಗಿನ ಫ್ರೇಮ್ ತಪ್ಪೇ?

ಇಲ್ಲಿ ಮೂರನೆಯದೊಂದು ದಾರಿಯಿದೆ, ಮ್ಯಾಪಿಂಗ್. ಬ್ಲಾಗ್ ನಡೆಸುವ ಕಂಪನಿಗೆ "ಈ ಡೊಮೇನ್ ನನ್ನದು, ಇದರಡಿಯಲ್ಲಿ ನನ್ನ ಬ್ಲಾಗನ್ನು ತೋರಿಸಿ" ಎಂದು ತಿಳಿಸಿ, ಡಿಎನ್‌ಎಸ್‌ನಲ್ಲಿ ಅದಕ್ಕೆ ತಕ್ಕ ದಾಖಲೆ ಸೇರಿಸುವುದು. ಆಗ ಪ್ರತಿ ಲೇಖನಕ್ಕೂ ನನ್ನ ಹೆಸರಿನಡಿ ಅದರದೇ ವಿಳಾಸ ಸಿಗುತ್ತದೆ. ಭದ್ರತಾ ಪ್ರಮಾಣಪತ್ರ ನನ್ನ ಹೆಸರಿಗೇ ಬರುತ್ತದೆ. ನಾಳೆ ಆ ಕಂಪನಿ ಬಿಟ್ಟು ಇನ್ನೊಂದಕ್ಕೆ ಹೋದರೂ, ಪುಟಗಳನ್ನು ಅದೇ ಕ್ರಮದಲ್ಲಿ ಜೋಡಿಸಿಟ್ಟರೆ ಓದುಗರ ಹಳೆಯ ಕೊಂಡಿಗಳು ಕೆಡುವುದಿಲ್ಲ.

ನಾನಿರುವ ಪುಣೆಯಲ್ಲಿ ಬಾಡಿಗೆದಾರರೆಲ್ಲ ಇದನ್ನು ಬದುಕಿಯೇ ತಿಳಿದಿದ್ದಾರೆ. ಹನ್ನೊಂದು ತಿಂಗಳ ಲೀವ್ ಅಂಡ್ ಲೈಸೆನ್ಸ್ ಕರಾರು, ಅದರ ನೋಂದಣಿ, ಪೊಲೀಸ್ ವೆರಿಫಿಕೇಶನ್, ಎಲ್ಲ ಮುಗಿದ ಮೇಲೆ ಬಾಗಿಲಿಗೆ ನಮ್ಮ ಹೆಸರಿನ ಫಲಕ. ಕೆಳಗೆ ಸೊಸೈಟಿಯ ಬೋರ್ಡಿನಲ್ಲಿ ಮಾಲೀಕರ ಹೆಸರೇ ಇರುತ್ತದೆ. ನಮ್ಮ ಫಲಕವನ್ನು ಯಾರೂ ಸುಳ್ಳು ಎನ್ನುವುದಿಲ್ಲ. ಗೋಡೆ ನಮ್ಮದು ಎಂದು ಆ ಫಲಕ ಹೇಳುತ್ತಿಲ್ಲ. ಬಾಗಿಲು ತಟ್ಟಿದರೆ ತೆರೆಯುವವರು ನಾವು ಎಂದಷ್ಟೇ ಹೇಳುತ್ತಿದೆ. ಮಾಲೀಕರ ಒಪ್ಪಿಗೆಯಿದೆ, ಕರಾರಿದೆ, ಒಳಗೆ ವಾಸಿಸುವವರೂ ನಾವೇ. ಕರಾರಿಲ್ಲದೆ ಇನ್ನೊಬ್ಬರ ಬಾಗಿಲಿಗೆ ನಮ್ಮ ಫಲಕ ಹೊಡೆದರೆ ಮಾತ್ರ ಅದು ತಪ್ಪು. ಹಾಗಾಗಿ ಯಂತ್ರ ಎಲ್ಲಿದೆ ಎಂದು ಓದುಗನಿಗೆ ಹೇಳುವ ಋಣ ನಮ್ಮ ಮೇಲಿಲ್ಲ. ಯಾರು ಜವಾಬು ಹೇಳುತ್ತಾರೆ ಎಂದು ಹೇಳುವ ಋಣ ಇದೆ.

ಈ ವ್ಯತ್ಯಾಸ ನನಗೆ ಸ್ಪಷ್ಟವಾದದ್ದು ಇಲ್ಲಿನ ಒಂದು ಸಣ್ಣ ಕನ್ನಡ ಬಳಗದ ಸಭೆಯಲ್ಲಿ. ಬಳಗಕ್ಕೆ ವಿದ್ಯಾರ್ಥಿಯೊಬ್ಬ ಉಚಿತ ತಾಣವೊಂದರಲ್ಲಿ ಪುಟ ಮಾಡಿಕೊಟ್ಟಿದ್ದ. ಯುಗಾದಿ ಕಾರ್ಯಕ್ರಮಕ್ಕೆ ದೇಣಿಗೆ ಕೂಡಿಸಬೇಕಿತ್ತು, ಹೊಸದಾಗಿ ಡೊಮೇನ್ ಕೊಂಡಾಗಿತ್ತು. ಮಾಸ್ಕಿಂಗ್ ಹಾಕಿದರೆ ಜನಕ್ಕೆ ನಂಬಿಕೆ ಬರುತ್ತದೆ, ಉಚಿತ ತಾಣದ ಹೆಸರು ಕಂಡರೆ ಹಿಂಜರಿಯುತ್ತಾರೆ ಎಂದು ಒಂದಿಬ್ಬರು ಹೇಳಿದರು. ಬ್ಯಾಂಕಿನಿಂದ ನಿವೃತ್ತರಾದ ಧಾರವಾಡದ ಹಿರಿಯರೊಬ್ಬರು ಹುಡುಗನನ್ನು ಕೇಳಿದರು: "ತಮ್ಮಾ, ರೊಕ್ಕ ಕಟ್ಟಿದವರಿಗೆ ರಸೀದಿ ಬರಲಿಲ್ಲ ಅಂದ್ರ ಅವರು ಯಾರನ್ನ ಕೇಳಬೇಕು?" ಹುಡುಗ ಸಂಕೋಚದಿಂದ ಹೇಳಿದ: "ಕಾಕಾ, ಅಕೌಂಟ್ ನನ್ನ ಹೆಸರಿನ್ಯಾಗ ಐತ್ರಿ. ಮುಂದಿನ ತಿಂಗಳು ನಾನು ಕೆಲಸಕ್ಕ ಹೈದರಾಬಾದಿಗೆ ಹೊಂಟೀನಿ."

ಅಲ್ಲಿಗೆ ಚರ್ಚೆಯ ದಿಕ್ಕೇ ಬದಲಾಯಿತು. ಜನರ ಹಿಂಜರಿಕೆಗೆ ಕಾರಣವಿತ್ತು. ಆ ಕಾರಣವನ್ನು ಮುಚ್ಚುವ ಬದಲು ತೆಗೆಯಬೇಕಿತ್ತು. ಪುಟವನ್ನು ಬಳಗದ ಅಕೌಂಟಿಗೆ ವರ್ಗಾಯಿಸಿ, ಖಜಾಂಚಿಯ ಹೆಸರು ಮತ್ತು ಫೋನ್ ನಂಬರನ್ನು ಪುಟದಲ್ಲಿ ಹಾಕಿ, ಆ ವರ್ಷಕ್ಕೆ ಬರೀ ಫಾರ್ವರ್ಡಿಂಗ್ ಸಾಕು ಎಂದು ತೀರ್ಮಾನವಾಯಿತು. ಮ್ಯಾಪಿಂಗ್ ಆಮೇಲೆ ಆಯಿತು. ನಂಬಿಕೆ ಗಳಿಸುವುದಕ್ಕೂ ನಂಬಿಕೆಯ ಚಹರೆ ತೊಡುವುದಕ್ಕೂ ಇರುವ ಅಂತರ ಆ ಹಿರಿಯರ ಒಂದು ಪ್ರಶ್ನೆಯಲ್ಲಿತ್ತು.

ಇಷ್ಟು ಹೇಳಿದ ಮೇಲೆ ಮುಸುಕೇ ಪಾಪ ಎಂದು ಯಾರೂ ತಿಳಿಯಬಾರದು. ನಮ್ಮ ಸಾಹಿತ್ಯದಲ್ಲಿ ಹೆಸರು ಮರೆಸುವ ದೊಡ್ಡ ಪರಂಪರೆಯೇ ಇದೆ. ವಚನಕಾರರು ವಚನದ ಕೊನೆಗೆ ತಮ್ಮ ಹೆಸರಿನ ಬದಲು ಇಷ್ಟದೈವದ ಅಂಕಿತ ಇಟ್ಟರು. ಬೇಂದ್ರೆಯವರು ಅಂಬಿಕಾತನಯದತ್ತ ಆದರು, ಮಾಸ್ತಿಯವರು ಶ್ರೀನಿವಾಸ ಎಂದು ಬರೆದರು. ಅಂಬಿಕಾತನಯದತ್ತ ಎಂಬ ಹೆಸರನ್ನು ಬಿಡಿಸಿದರೆ ಅಂಬಿಕೆಯ ಮಗ ದತ್ತ ಎಂದು ಬೇಂದ್ರೆಯವರ ತಾಯಿಯ ಹೆಸರೇ ಸಿಗುತ್ತದೆ. ಅಂಥ ಹೆಸರು ಬರಹದ ಹೊಣೆಯಿಂದ ತಪ್ಪಿಸಿಕೊಳ್ಳಲು ಇಟ್ಟದ್ದಲ್ಲ. ಹಾಗೆಯೇ ತನ್ನ ಮನೆ ವಿಳಾಸ, ಫೋನ್ ನಂಬರ್ ಯಾರಿಗೂ ಸಿಗಬಾರದು ಎಂದು ಒಬ್ಬ ಲೇಖಕಿ ಡೊಮೇನ್ ನೋಂದಣಿಯ ವಿವರಗಳನ್ನು ಮರೆಮಾಡಿಸಿದರೆ ಅದು ಅವಳ ಹಕ್ಕು. ಒಂದು ಕಾಲಕ್ಕೆ ಈ ವಿವರಗಳು ಹೂಇಸ್ ಪಟ್ಟಿಯಲ್ಲಿ ಯಾರಿಗೂ ಸಿಗುವಂತಿದ್ದವು. 2018ರಲ್ಲಿ ಯುರೋಪಿನ ಖಾಸಗಿತನದ ಕಾನೂನು ಜಾರಿಗೆ ಬಂದ ಮೇಲೆ ಬಹುಪಾಲು ಮರೆಗೆ ಸರಿದವು. ಅದು ಒಳ್ಳೆಯದೇ ಆಯಿತು. ಎಲ್ಲಿ ವಾಸಿಸುತ್ತೇನೆ ಎಂಬುದನ್ನು ಮುಚ್ಚಿಡಬಹುದು. ಮಾತು ಯಾರದು ಎಂಬುದನ್ನು ಮುಚ್ಚಿಟ್ಟು ಇನ್ನೊಬ್ಬರಿಂದ ಹಣವನ್ನೋ ಪಾಸ್‌ವರ್ಡನ್ನೋ ಪಡೆಯುವಂತಿಲ್ಲ.

ಮತ್ತೆ, ದಾರಿ ತೋರಿಸುವವರೆಲ್ಲ ಸತ್ಯವಂತರು ಎಂದೂ ಅಲ್ಲ. ಫಾರ್ವರ್ಡಿಂಗಿನಲ್ಲೂ ಮೋಸವುಂಟು. ಹೆಸರಿನ ಒಂದಕ್ಷರ ತಪ್ಪಾಗಿ ಟೈಪ್ ಮಾಡಿದವರನ್ನು ಬೇರೆಲ್ಲಿಗೋ ಒಯ್ಯುವ ಡೊಮೇನ್‌ಗಳಿವೆ. ನವೀಕರಿಸದೆ ಕೈಬಿಟ್ಟ ಹಳೆಯ ಹೆಸರನ್ನು ಇನ್ಯಾರೋ ಕೊಂಡು, ಅದರ ನಂಬಿಕೆಯ ಮೇಲೆ ಜೂಜಿನ ತಾಣಕ್ಕೆ ಜನರನ್ನು ಕಳಿಸುವುದೂ ಇದೆ. ಚಿಕ್ಕದಾಗಿಸಿದ ಕೊಂಡಿ ಎಲ್ಲಿಗೆ ಒಯ್ಯುತ್ತದೆ ಎಂದು ಒತ್ತುವವರೆಗೆ ಗೊತ್ತಾಗುವುದಿಲ್ಲ. ಆದ್ದರಿಂದ ಯಾವ ಗುಂಡಿ ಒತ್ತಿದೆವು ಎಂಬುದರಿಂದಲೇ ಪ್ರಾಮಾಣಿಕತೆ ತೀರ್ಮಾನವಾಗುವುದಿಲ್ಲ.

ನಾನು ಮೂರು ಪ್ರಶ್ನೆ ಇಟ್ಟುಕೊಂಡಿದ್ದೇನೆ. ಒಳಗಿನ ಪುಟದ ಯಜಮಾನರು ನನ್ನ ಹೆಸರಿನಡಿ ಅದನ್ನು ತೋರಿಸಲು ಒಪ್ಪಿದ್ದಾರೆಯೇ? ಒಮ್ಮೆ ಬಂದ ಓದುಗ ಅದೇ ಪುಟಕ್ಕೆ ಮರಳಿ ಬರಬಲ್ಲನೇ? ಒಳಗೇನಾದರೂ ಎಡವಟ್ಟಾದರೆ ಹೊರಗಿನ ಹೆಸರಿನವರಾಗಿ ನಾವು ಜವಾಬು ಕೊಡುತ್ತೇವೆಯೇ? ಮೂರಕ್ಕೂ ಹೌದು ಎನ್ನಬಲ್ಲವರು ಯಾವ ಕಂಪನಿಯ ಸರ್ವರನ್ನಾದರೂ ತಮ್ಮ ಹೆಸರಿನ ಹಿಂದೆ ಇಟ್ಟುಕೊಳ್ಳಲಿ. ಒಂದಕ್ಕಾದರೂ ಇಲ್ಲ ಎನ್ನಬೇಕಾಗಿ ಬಂದರೆ, ಉದ್ದನೆಯ ಕುರೂಪಿ ವಿಳಾಸವನ್ನೇ ತೋರಿಸುವುದು ಮೇಲು.

ಸ್ವಂತ ಹೆಸರಿನ ಆಸೆ ಸಣ್ಣದಲ್ಲ, ನಗುವಂಥದ್ದೂ ಅಲ್ಲ. ಪರಊರಿನಲ್ಲಿ ಬಾಡಿಗೆ ಮನೆಗಳಲ್ಲಿ ಬದುಕುವ ನಮಗೆ ಇದು ನಮ್ಮದು ಎನ್ನಲು ಒಂದು ಸಾಲಿನ ವಿಳಾಸವಾದರೂ ಬೇಕೆನ್ನಿಸುತ್ತದೆ. ಆದರೆ ಡೊಮೇನನ್ನೂ ನಾವು ಕೊಳ್ಳುವುದಿಲ್ಲ, ವರ್ಷಗಳ ಲೆಕ್ಕದಲ್ಲಿ ಬಾಡಿಗೆಗೆ ಹಿಡಿಯುತ್ತೇವೆ. ಕಂತು ತಪ್ಪಿದರೆ ಹೆಸರು ಬೇರೆಯವರದಾಗಬಹುದು. ಡೊಮೇನ್ ಕೊಂಡ ಗೆಳೆಯರು ಈ ವಾರ ಒಮ್ಮೆ ಆ ಸೆಟ್ಟಿಂಗ್ಸ್ ಪುಟ ತೆರೆದು, ತಮ್ಮ ಹೆಸರಿನ ಹಿಂದೆ ಈಗ ಏನಿದೆ, ಅದರ ಅಕೌಂಟ್ ಯಾರದು, ನವೀಕರಣದ ದಿನ ಯಾವುದು ಎಂದು ನೋಡಿಕೊಳ್ಳಲಿ. ಮನೆಯಲ್ಲಿ ಇನ್ನೊಬ್ಬರಿಗೂ ಅದನ್ನು ತಿಳಿಸಿಡಲಿ.