ಅಂಕಿತವಿಲ್ಲದ ಹಾಡು

ಅಕ್ಕನ ಮಗ ವಿರಾಜಪೇಟೆಯ ನಮ್ಮ ಮನೆಯಲ್ಲಿ ಗಿಟಾರ್ ಹಿಡಿದು ಕೂತು ಕೇಳಿದ: "ಮಾಮ, ಹುತ್ತರಿಯ ದುಡಿ ಹಾಡೊಂದನ್ನು ನನ್ನ ಆಲ್ಬಂಗೆ ಹಾಕಿಕೊಂಡರೆ ತಪ್ಪಾ?"

ತಪ್ಪು ಅನ್ನಲು ಹೊರಟವನು ತಡೆದೆ. ರಘು ದೀಕ್ಷಿತ್ ಅವರ ಮೊದಲ ಆಲ್ಬಂ ಅನ್ನು ವಿಶಾಲ್–ಶೇಖರ್ 2008ರಲ್ಲಿ ಹೊರತಂದಾಗ, ಅದರಲ್ಲಿದ್ದ ಶಿಶುನಾಳ ಶರೀಫರ ಗುಡುಗುಡಿಯ ಪದ ಕೇಳಿ ನಾನು ಗೊಣಗಿದ್ದೆ. ನನಗೆ ಶರೀಫರೆಂದರೆ ಸಿ. ಅಶ್ವತ್ಥ್ ಅವರ ಧಾಟಿ. ಆದರೆ ಶರೀಫರು ತೀರಿಕೊಂಡದ್ದು 1889ರಲ್ಲಿ. ಅವರ ದನಿಯನ್ನು ನಾವ್ಯಾರೂ ಕೇಳಿಲ್ಲ. ನನ್ನ ಅಭ್ಯಾಸವನ್ನೇ ನಾನು ನೀತಿ ಎಂದುಕೊಂಡಿದ್ದೆ.

ಧಾಟಿ ಬದಲಾದರೆ ತಪ್ಪಲ್ಲ. ಯಾರಿಂದ ಬಂತೆಂಬುದು ಅಳಿದುಹೋದರೆ ತಪ್ಪು. ಅಮೆರಿಕದ ಹಳ್ಳಿಗಾಡಿನ ಸಂಗೀತಕ್ಕೆ ಗುರುತಾದ ಬ್ಯಾಂಜೋ, ಆಫ್ರಿಕಾದಿಂದ ಗುಲಾಮರಾಗಿ ಹೋದವರ ಕೈಯಲ್ಲಿ ರೂಪುಗೊಂಡ ವಾದ್ಯ. ಬಹುಕಾಲ ಅದು ಬಿಳಿಯರದ್ದೆಂದೇ ಎಷ್ಟೋ ಜನ ನಂಬಿದ್ದರು.

ಶರೀಫರ ಪದಗಳ ಕೊನೆಗೆ ಶಿಶುನಾಳಧೀಶನ ಅಂಕಿತ ಬರುತ್ತದೆ. ಯಾವ ಧಾಟಿಯಲ್ಲಿ ಹಾಡಿದರೂ ಅದು ಋಣವನ್ನು ನೆನಪಿಸುತ್ತದೆ. ಕೊಡಗಿನ ಹಾಡುಗಳಿಗೆ ಆ ರಕ್ಷಣೆಯಿಲ್ಲ. ನಡಿಕೇರಿಯಂಡ ಚಿಣ್ಣಪ್ಪನವರು ಅವನ್ನು ಸಂಗ್ರಹಿಸಿ 1924ರಲ್ಲಿ 'ಪಟ್ಟೋಲೆ ಪಳಮೆ' ಪ್ರಕಟಿಸಿದರು. ಹಾಗಾಗಿ ಸಾಹಿತ್ಯ ಉಳಿಯಿತು. ಮೊದಲು ಕಟ್ಟಿದವರು ಯಾರೆಂದು ಹಾಡು ಹೇಳುವುದಿಲ್ಲ.

"ಹಾಡು," ಅಂದೆ. "ಆದರೆ ಯಾವ ಊರಿನ ಯಾವ ಅಜ್ಜನಿಂದ ಕಲಿತೆ ಅಂತ ಆಲ್ಬಂ ಮೇಲೆ ಬರಿ. ದುಡ್ಡು ಬಂದರೆ ಪಾಲು ಕೊಡು."

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. "ಕಲಿತದ್ದು ಯೂಟ್ಯೂಬಿನಲ್ಲಿ, ಮಾಮ. ಹಾಡಿದವರ ಹೆಸರು ಅಲ್ಲಿರಲಿಲ್ಲ."

"ಹಾಗಾದರೆ ಮೊದಲು ಅವರನ್ನು ಹುಡುಕು. ಗಿಟಾರ್ ಆಮೇಲೆ."