ಮೋಶೆಯ ಕೈಯಲ್ಲಿದ್ದ ಕೋಲು

ವಾಚನ: ವಿಮೋಚನಕಾಂಡ 4:1–17



ಪರೀಕ್ಷೆಯ ಕಾಲ ಬಂತು. ಎಸ್‌ಎಸ್‌ಎಲ್‌ಸಿ, ಪಿಯುಸಿ ಮಕ್ಕಳಿಗಾಗಿ ಪ್ರಾರ್ಥಿಸಿರೆಂದು ಮನೆಮನೆಯಿಂದ ಕೇಳಿಕೆ ಬರುತ್ತಿದೆ. ಓದಿದ್ದೆಲ್ಲ ತಲೆಯಲ್ಲಿದೆ, ಪ್ರಶ್ನೆಪತ್ರಿಕೆ ಕೈಗೆ ಬಂದೊಡನೆ ಬಾಯಿ ಒಣಗುತ್ತದೆ, ಎದೆ ಡವಗುಟ್ಟುತ್ತದೆ. ಓಟದ ಗೆರೆಯ ಮೇಲೆ ನಿಂತವರಿಗೂ ಇಂಟರ್‌ವ್ಯೂಗೆ ಹೋದವರಿಗೂ ಇದೇ ಪಾಡು.

ಮೋಶೆಗೂ ಇದೇ ಆಯಿತು. ಐಗುಪ್ತದ ಅರಸ ಫರೋಹನ ಬಳಿಗೆ ಹೋಗೆಂದು ದೇವರು ಕರೆದಾಗ, ಉರಿಯುವ ಪೊದೆಯ ಮುಂದೆ ಒಂದರ ಮೇಲೊಂದು ನೆವ ಹೇಳಿದನು: ನಾನೆಷ್ಟರವನು? ಜನ ನಂಬದಿದ್ದರೆ? ನನಗೆ ಮಾತು ಬಾರದು, ಬೇರೆ ಯಾರನ್ನಾದರೂ ಕಳುಹಿಸು. ದೇವರು ಅವನನ್ನು ಒಮ್ಮೆಗೇ ವೀರನನ್ನಾಗಿ ಮಾಡಲಿಲ್ಲ. ಹೆದರಿದವನ ಕೈಗೇ ಕೆಲಸ ಕೊಟ್ಟನು.

ಮೊದಲು, ನಿನ್ನ ಕೈಯಲ್ಲಿ ಏನಿದೆ ಎಂದು ಕೇಳಿದನು. ಫರೋಹನ ಅರಮನೆಗೆ ಓಡಿಹೋಗಿದ್ದ ಮನಸ್ಸು ಕುರುಬನ ಕೋಲಿಗೆ ಮರಳಿತು. ಮಕ್ಕಳೇ, ಫಲಿತಾಂಶ ನಿಮ್ಮ ಕೈಯಲ್ಲಿಲ್ಲ. ಎದುರಿಗಿರುವ ಒಂದು ಪ್ರಶ್ನೆ ಇದೆ, ಒಂದು ಉಸಿರು ಇದೆ. ಎದೆ ಹೊಡೆದುಕೊಂಡರೆ ವಿಶ್ವಾಸ ಕಡಿಮೆಯಾಯಿತೆಂದು ಕೊರಗಬೇಡಿ. ಅಡ್ರಿನಲಿನ್ ಹರಿದು ದೇಹ ಕೆಲಸಕ್ಕೆ ಸಜ್ಜಾಗುವ ರೀತಿಯೇ ಅದು. ನಾಲ್ಕು ಎಣಿಸುತ್ತ ಉಸಿರೆಳೆದು ಆರು ಎಣಿಸುತ್ತ ಬಿಡಿ. ನಿಧಾನವಾಗಿ ಬಿಟ್ಟ ಉಸಿರು ಎದೆಬಡಿತವನ್ನು ತಗ್ಗಿಸುತ್ತದೆ.

ಎರಡನೆಯದು ತಾಲೀಮು. ದೇವರ ಮಾತಿನಂತೆ ನೆಲಕ್ಕೆ ಎಸೆದ ಕೋಲು ಹಾವಾದಾಗ ಮೋಶೆ ಓಡಿದನು. ಕರ್ತನು ಅವನಿಗೆ, ಕೈಚಾಚಿ ಬಾಲ ಹಿಡಿಯಲು ಹೇಳಿದನು. ಇದೆಲ್ಲ ನಡೆದದ್ದು ಯಾರೂ ಇಲ್ಲದ ಅರಣ್ಯದಲ್ಲಿ. ಅರಮನೆ ಇನ್ನೂ ದೂರವಿತ್ತು. ಗಾಬರಿಯೂ ಅಭ್ಯಾಸದ ಒಂದು ಪಾಠವಾಗಿತ್ತು. ಈಜುಗಾರ ಮೈಕೇಲ್ ಫೆಲ್ಪ್ಸ್ ಗೆಲುವನ್ನಷ್ಟೇ ಅಲ್ಲ, ಎಡವಟ್ಟನ್ನೂ ಮನಸ್ಸಿನಲ್ಲಿ ಮೊದಲೇ ಈಜಿ ನೋಡುತ್ತಿದ್ದರು. 2008ರ ಬೀಜಿಂಗ್ ಒಲಿಂಪಿಕ್ಸ್‌ನ 200 ಮೀಟರ್ ಬಟರ್‌ಫ್ಲೈ ಫೈನಲ್‌ನಲ್ಲಿ ಅವರ ಗಾಗಲ್ಸ್‌ಗೆ ನೀರು ತುಂಬಿ ಕಣ್ಣು ಕಾಣದಾಯಿತು. ಕೈಬೀಸು ಎಣಿಸುತ್ತಲೇ ಗುರಿ ಮುಟ್ಟಿದರು. ಚಿನ್ನವೂ ಬಂತು, 1 ನಿಮಿಷ 52.03 ಸೆಕೆಂಡಿನ ವಿಶ್ವದಾಖಲೆಯೂ ಬಂತು. ನೀವೂ ಮನೆಯಲ್ಲಿ ಗಡಿಯಾರ ಇಟ್ಟು ಹಳೆಯ ಪ್ರಶ್ನೆಪತ್ರಿಕೆ ಬರೆಯಿರಿ. ಮೊದಲ ಪ್ರಶ್ನೆಯೇ ಬಾರದಿದ್ದರೆ ಮುಂದೇನೆಂದು ಅಲ್ಲೇ ತೀರ್ಮಾನಿಸಿಕೊಳ್ಳಿ.

ಮೂರನೆಯದು ಆರೋನ. ಮೋಶೆಯ ಹಿಂಜರಿಕೆ ಕಂಡು ದೇವರು ಕೋಪಗೊಂಡನು, ಆದರೂ ಕೈಬಿಡಲಿಲ್ಲ. ನೆರವಿಗೆ ಅಣ್ಣ ಆರೋನನು ಆಗಲೇ ಹೊರಟು ಎದುರು ಬರುತ್ತಿದ್ದಾನೆಂದು ತಿಳಿಸಿದನು. ನೆರವು ಬೇಕೆಂದು ಹೇಳುವುದು ಸೋಲಲ್ಲ. 2021ರಲ್ಲಿ ಟೋಕಿಯೊ ಒಲಿಂಪಿಕ್ಸ್‌ನ ತಂಡ ಫೈನಲ್‌ನ ನಡುವೆ ಜಿಮ್ನಾಸ್ಟ್ ಸಿಮೋನ್ ಬೈಲ್ಸ್ ಹಿಂದೆ ಸರಿದರು. ಗಾಳಿಯಲ್ಲಿ ತಿರುಗುವಾಗ ದಿಕ್ಕು ತಪ್ಪುತ್ತಿತ್ತು. ತಮ್ಮ ಕಷ್ಟವನ್ನು ಲೋಕದ ಮುಂದೆ ಬಾಯಿಬಿಟ್ಟು ಹೇಳಿದರು. ಕೆಲವೇ ದಿನಗಳಲ್ಲಿ ಬ್ಯಾಲೆನ್ಸ್ ಬೀಮ್‌ನಲ್ಲಿ ಕಂಚು, 2024ರ ಪ್ಯಾರಿಸ್‌ನಲ್ಲಿ ಮೂರು ಚಿನ್ನ. ನಿದ್ದೆ ಬಾರದಷ್ಟು ಭಯವಿದ್ದರೆ ಮನೆಯವರಿಗೆ, ಶಿಕ್ಷಕರಿಗೆ, ಆಪ್ತಸಮಾಲೋಚಕರಿಗೆ ಹೇಳಿ. ನೆರವು ಪಡೆದದ್ದರಿಂದ ಮೋಶೆ ಸಣ್ಣವನಾಗಲಿಲ್ಲ.

ಇನ್ನು ತಂದೆತಾಯಿಗಳಿಗೆ ಒಂದು ಮಾತು. ಪರೀಕ್ಷೆ ಮುಗಿಸಿ ಬಂದ ಮಗುವನ್ನು ಬಾಗಿಲಲ್ಲೇ ನಿಲ್ಲಿಸಿ ಅಂಕ ಲೆಕ್ಕ ಹಾಕಬೇಡಿ. ಮನೆಯೊಳಗೆ ಇನ್ನೊಬ್ಬ ಫರೋಹ ಬೇಡ. ಊಟ ಬಡಿಸಿ, ಪಕ್ಕದಲ್ಲಿ ಕೂತುಕೊಳ್ಳಿ. ಆರೋನನ ಕೆಲಸ ನಿಮ್ಮದು.

ಕರ್ತನೇ, ಹೆದರಿದವರನ್ನೇ ನೀನು ಕಳುಹಿಸುತ್ತೀ. ನಮ್ಮ ಮಕ್ಕಳ ಸಂಗಡ ಹೋಗು. ಅವರೊಡನೆ ನಡೆಯುವ ತಾಳ್ಮೆಯನ್ನು ನಮಗೆ ಕೊಡು. ಆಮೆನ್.